ಗೊತ್ತಪ್ಪ ನೋಡಿದ ಸಿನಿಮಾ

ಗೊತ್ತಪ್ಪ ಅನ್ನುವುದು ಅವನ ಹೆಸರಲ್ಲ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಕೇಳಲಿಕ್ಕೆ ಚೆನ್ನಾಗಿಯೂ ಇತ್ತು. ಆದರೆ ಯಾರು ಏನು ಹೇಳಹೊರಟರೂ ಅವರ ಬಾಯಿ ಪೂರ್ತಿ ತೆರೆಯುವ ಮುಂಚೆಯೇ 'ಗೊತ್ತು, ಗೊತ್ತು' ಎಂದು ತಲೆಯಾಡಿಸುವ ಚಾಳಿ ಅವನಿಗೆ ಶಾಲೆಯಲ್ಲೇ ಅಂಟಿಕೊಂಡಿತ್ತು. ಬೇಸತ್ತ ಮೇಷ್ಟರೊಬ್ಬರು ಹಾಜರಿ ಕೂಗುವಾಗ ಗೊತ್ತಪ್ಪ ಎಂದರು, ಅದೇ ನಿಂತಿತು. ದಾರಿ ಕೇಳಿದವರಿಗೆ ಅವನು ಗೊತ್ತಿಲ್ಲ ಎಂದದ್ದನ್ನು ಕೇಳಿದವರಿಲ್ಲ. ಅವನು ತೋರಿಸಿದ ದಾರಿ ಹಿಡಿದು ಹೋದವರು ವಾಪಸು ಬಂದು ದೂರಿದ್ದೂ ಇಲ್ಲ. ಪಾಪ, ಇನ್ನೂ ನಡೆಯುತ್ತಲೇ ಇರಬೇಕು.

ಇಂಥವನು ಹೊಟ್ಟೆಪಾಡಿಗೆ ಹಿಡಿದದ್ದು ಹಾಸಿಗೆ ಅಂಗಡಿಯ ಕೆಲಸ. ಊರಿನ ದೊಡ್ಡ ರಸ್ತೆಯಲ್ಲಿ ಗಾಜಿನ ಮುಂಬಾಗಿಲಿನ ಅಂಗಡಿ, ಒಳಗೆ ಸಾಲು ಸಾಲು ಮಂಚ, ಹಿಂದೆ ಗೋದಾಮು. ಗಂಡ ಹೆಂಡತಿ ಹಾಸಿಗೆ ಕೊಳ್ಳಲು ಬಂದರೆ ಗೊತ್ತಪ್ಪ ಅವರಿಬ್ಬರ ಚಪ್ಪಲಿ ಬಿಡಿಸಿ, ಒಂದೇ ಹಾಸಿಗೆಯ ಆ ಬದಿ ಈ ಬದಿ ಮಲಗಿಸುತ್ತಿದ್ದ. ಹಗಲು ಹೊತ್ತಿನಲ್ಲಿ, ರಸ್ತೆಯವರು ನೋಡುತ್ತಿರುವಾಗ, ಕೈಚೀಲ ಎದೆಯ ಮೇಲಿಟ್ಟುಕೊಂಡು ಅವರು ಛಾವಣಿ ದಿಟ್ಟಿಸುತ್ತಿದ್ದರು. ನಡುವೆ ಇವನು ಬಾಯಿ ತನಕ ನೀರು ತುಂಬಿದ ಗಾಜಿನ ಲೋಟ ಇಡುತ್ತಿದ್ದ. 'ಈಗ ಅಮ್ಮಾವ್ರು ಏಳ್ಬೇಕು' ಎನ್ನುತ್ತಿದ್ದ. ಅಮ್ಮಾವ್ರು ಏಳುತ್ತಿದ್ದರು. ಲೋಟದ ನೀರು ಅಲುಗುತ್ತಿರಲಿಲ್ಲ. 'ನೋಡಿದ್ರಾ? ಒಬ್ಬರು ಎದ್ದು ಹೋದ್ರೂ ಇನ್ನೊಬ್ಬರಿಗೆ ತಿಳೀಬಾರದು. ಅದು ಹಾಸಿಗೆ' ಎಂದು ಗಂಡನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದ. ಗಂಡಂದಿರು ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದರು.

ಅವನ ಹೆಂಡತಿಗೆ ಹಲ್ಲಿನ ಡಾಕ್ಟರ ಬಳಿ ಸಹಾಯಕಿಯ ಕೆಲಸ. ದಿನವಿಡೀ ಬಾಯಿ ತೆರೆದುಕೊಂಡು ಒಂದಕ್ಷರ ಆಡಲಾರದ ಜನರ ನಡುವೆ ನಿಂತು, ಸಂಜೆ ಮನೆಗೆ ಬಂದರೆ ತೆರೆದ ಬಾಯಿ ಮುಚ್ಚದ ಒಬ್ಬನ ಎದುರು ಕೂರಬೇಕಾದ ಹಣೆಬರಹ ಅವಳದು. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಗೊತ್ತಪ್ಪ ಅದನ್ನು ತನ್ನ ಬಗೆಗಿನ ಗೌರವ ಎಂದು ತಿಳಿದುಕೊಂಡಿದ್ದ.

ಇನ್ನು ಅಂಗಡಿಯ ಮಾಲೀಕರು. ಅವರ ತಂದೆ ಹತ್ತಿ ಬಡಿದು ಬಡಿದು ಕೆಮ್ಮಿ ಕಟ್ಟಿದ ಅಂಗಡಿ ಅದು; ಮಗನಿಗೆ ಮಾತ್ರ ಹತ್ತಿಯ ಧೂಳು ಅಂದರೆ ಅಲರ್ಜಿ, ಕಲೆ ಅಂದರೆ ಪ್ರಾಣ. ಒಳಗೂ ಹೊರಗೂ ಕಪ್ಪು ಕನ್ನಡಕ ಹಾಕಿಕೊಂಡು, ಎಂಥ ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು ಓಡಾಡುತ್ತಿದ್ದರು. ಒಂದು ಚಿತ್ರ ಬಳಗ ಕಟ್ಟಿದ್ದರು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಗೋದಾಮಿನ ಗೋಡೆಗೆ ಬಿಳಿ ಹಾಸುಬಟ್ಟೆ ಬಿಗಿದು, ಯಾರೂ ಕೇಳದ ಊರುಗಳ ಹಳೆಯ ಸಿನಿಮಾ ತೋರಿಸುತ್ತಿದ್ದರು. ಬಳಗದವರು ಮಾರಾಟವಾಗದ ಹಾಸಿಗೆಗಳ ಮೇಲೆ ಕೂರುತ್ತಿದ್ದರು. ಅವುಗಳ ಪ್ಲಾಸ್ಟಿಕ್ ಹೊದಿಕೆ ತೆಗೆಯುವಂತಿರಲಿಲ್ಲವಾದ್ದರಿಂದ ಯಾರು ಸ್ವಲ್ಪ ಅಲುಗಿದರೂ ಚರಚರ ಸದ್ದು. ಹೀಗಾಗಿ ಕಲೆಯ ಆಳಕ್ಕೆ ಇಳಿದವರು ಯಾರು, ಕಾಲು ಜೋಮು ಹಿಡಿದವರು ಯಾರು ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಹಲ್ಲಿನ ಡಾಕ್ಟರೂ ಆ ಬಳಗದವರೇ.

ಊರಾಚೆ ಹೊಸ ಬ್ರಾಂಚು ಏಳುತ್ತಿತ್ತು. ಅದಕ್ಕೊಬ್ಬ ಮ್ಯಾನೇಜರು ಬೇಕಿತ್ತು. ಗಾಜಿನ ಕೋಣೆ, ತಿರುಗುವ ಕುರ್ಚಿ. ಆ ಕುರ್ಚಿಯ ಮೇಲೆ ಕಣ್ಣಿಟ್ಟವರು ಇಬ್ಬರು: ಗೊತ್ತಪ್ಪ ಮತ್ತು ದಿಂಬಿನ ವಿಭಾಗದವನು. ದಿಂಬಿನವನು ಜಾಣ, ಊಟದ ಬಿಡುವಿನಲ್ಲಿ ಮಾಲೀಕರಿಗೆ ಕಾಣುವ ಹಾಗೆ ಸಿನಿಮಾ ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದ.

ಒಂದು ಬೆಳಿಗ್ಗೆ ಮಾಲೀಕರು ಹಳೆಯ ಪೋಸ್ಟರೊಂದನ್ನು ಹಿಡಿದು ಬಂದರು. ಕಪ್ಪು ಬಿಳುಪು ಚಿತ್ರ. ಒಬ್ಬ ಗಂಡಸು, ಒಬ್ಬಳು ಹೆಂಗಸು, ಕೆನ್ನೆಗೆ ಕೆನ್ನೆ. ಹೆಂಗಸಿನ ಕಣ್ಣು ಅರೆಮುಚ್ಚಿತ್ತು. ಮುಂದಿನ ಭಾನುವಾರ ಇದನ್ನು ತೋರಿಸುತ್ತೇನೆ, ಪ್ರಪಂಚದಲ್ಲಿ ಇದನ್ನು ನೋಡಿದವರು ಬಹಳ ಕಮ್ಮಿ, ನಮ್ಮಲ್ಲಿ ಯಾರಾದರೂ ನೋಡಿದ್ದೀರಾ ಎಂದು ಕೇಳಿದರು. ದಿಂಬಿನವನು ಹೆಸರು ಕೇಳಿದ್ದೇನೆ, ನೋಡಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದ. ಅಷ್ಟು ಸಾಕಾಯಿತು.

'ನೋಡಿದೀನಿ ಸಾರ್,' ಎಂದ ಗೊತ್ತಪ್ಪ. 'ನೋಡೋದೇನು ಬಂತು, ಪ್ರತಿ ವರ್ಷ ನೋಡ್ತೀವಿ. ನಾನೂ ನನ್ನ ಹೆಂಡ್ತಿನೂ. ನಮ್ಮ ಮದುವೆ ಆದ ದಿನ.'

ಮಾಲೀಕರು ಕಪ್ಪು ಕನ್ನಡಕ ತೆಗೆದರು. ಅವರ ಕಣ್ಣು ಹೇಗಿದೆ ಎಂದು ಅಂಗಡಿಯವರು ಮೊದಲ ಸಲ ನೋಡಿದ್ದು ಅವತ್ತು.

'ಈ ಸಿನಿಮಾನ? ಮದುವೆ ದಿನ?'

'ಕೈ ಕೈ ಹಿಡ್ಕೊಂಡು, ಸಾರ್.'

'ಕೊನೇ ದೃಶ್ಯಾನೂ?'

'ಅದಕ್ಕೋಸ್ಕರಾನೇ ಕಾಯ್ತಾ ಕೂತಿರ್ತೀವಿ. ನಮ್ಮ ಕಥೆನೇ ನೋಡಿದ ಹಾಗಿರುತ್ತೆ. ಅವಳು ಅಳ್ತಾಳೆ, ನಂಗೆ ನಗು.'

ಮಾಲೀಕರು ಪಕ್ಕದ ಮಂಚದ ಮೇಲೆ ಕುಸಿದು ಕುಳಿತರು. ಇಷ್ಟು ವರ್ಷ ಇಂಥ ಧೀರ ನನ್ನ ಅಂಗಡಿಯಲ್ಲೇ ಇದ್ದು ನನಗೇ ತಿಳಿಯಲಿಲ್ಲವಲ್ಲ ಎಂದು ಹಲುಬಿದರು. ಭಾನುವಾರ ಸಿನಿಮಾಕ್ಕೆ ಮುಂಚೆ ನೀವೇ ನಾಲ್ಕು ಮಾತಾಡಬೇಕು, ಹೆಂಡತಿಯನ್ನೂ ಕರೆದುಕೊಂಡು ಬರಬೇಕು, ಬ್ರಾಂಚಿನ ವಿಷಯ ಆಮೇಲೆ ಮಾತಾಡೋಣ ಎಂದರು. ದಿಂಬಿನವನು ಒಂದು ದಿಂಬು ಎತ್ತಿಕೊಂಡು ಅದಕ್ಕೆ ಬೇಕಾದ್ದಕ್ಕಿಂತ ಜೋರಾಗಿ ಗುದ್ದಿ ಧೂಳು ಕೊಡವಿದ.

ಆ ಸಿನಿಮಾ ಎಂಥದ್ದು ಎಂದು ಗೊತ್ತಪ್ಪ ವಿಚಾರಿಸಿದನೇ? ಇಲ್ಲ. ವಿಚಾರಿಸುವುದೆಂದರೆ ಗೊತ್ತಿಲ್ಲವೆಂದು ಒಪ್ಪಿದ ಹಾಗೆ. ಕೆನ್ನೆಗೆ ಕೆನ್ನೆ ಇದೆ, ಪ್ರೇಮಕಥೆ, ಇನ್ನೇನು ಎಂದುಕೊಂಡು ಸುಖವಾಗಿ ಮನೆಗೆ ಹೋದ.

ಮಾಲೀಕರು ಆ ಸಂಜೆಯೇ ಹಲ್ಲಿನ ಡಾಕ್ಟರಿಗೆ ಫೋನು ಮಾಡಿ ಸುದ್ದಿ ಒಪ್ಪಿಸಿದರು. ಡಾಕ್ಟರು ಮೃದು ಸ್ವಭಾವದವರು. ಜನರ ಹಲ್ಲು ಕೀಳುವಾಗ ತಾವೇ ಕಣ್ಣು ಮುಚ್ಚಿಕೊಳ್ಳುವವರು. ಮರುದಿನ ತಮ್ಮ ಸಹಾಯಕಿಯನ್ನು ಬೆಳಗಿನಿಂದ ಒಂದು ಥರ ನೋಡುತ್ತಲೇ ಇದ್ದು, ಕಡೆಗೆ ಒಬ್ಬ ರೋಗಿಯ ಬಾಯಿಗೆ ಅಚ್ಚಿನ ಮುದ್ದೆ ತುರುಕಿ ಅದು ಗಟ್ಟಿಯಾಗುವ ತನಕದ ಬಿಡುವಿನಲ್ಲಿ, ಅಷ್ಟು ಭಯಂಕರವಾದ ಸಿನಿಮಾವನ್ನು ಮದುವೆಯ ದಿನವೇ ನೋಡುವುದು ಯಾಕಮ್ಮ, ಮನೆಯಲ್ಲಿ ಎಲ್ಲ ಸರಿಯಾಗಿದೆ ತಾನೇ ಎಂದು ಕೇಳಿದರು. ಯಾವ ಸಿನಿಮಾ ಎಂದಳು ಅವಳು. ಡಾಕ್ಟರು ಹೇಳಿದರು.

ದೆವ್ವವಿಲ್ಲ, ರಕ್ತವಿಲ್ಲ. ಒಂದು ಮನೆ, ಅದರೊಳಗೆ ಗಂಡ ಹೆಂಡತಿ. ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಹೆಂಡತಿ ಎದ್ದು ಮನೆ ಬಿಟ್ಟು ಹೊರಟುಹೋಗುತ್ತಾಳೆ. ಗಂಡನಿಗೆ ಅದು ತಿಳಿಯುವುದೇ ಇಲ್ಲ. ಒಳಕೋಣೆಯ ಬಾಗಿಲಿನತ್ತ ಮುಖ ಮಾಡಿ ಅವಳ ಜೊತೆ ಮಾತಾಡುತ್ತಲೇ ಇರುತ್ತಾನೆ. ಉಪದೇಶ ಮಾಡುತ್ತಾನೆ, ಆಕ್ಷೇಪಿಸುತ್ತಾನೆ, ಕ್ಷಮಿಸುತ್ತಾನೆ. ಆಮೇಲೊಂದು ದಿನ ಒಳಕೋಣೆಯಿಂದ ಏನೋ ಒಂದು ಅವನಿಗೆ ಉತ್ತರ ಕೊಡಲು ಶುರು ಮಾಡುತ್ತದೆ. ಕೊನೆಗೆ ಬಾಗಿಲು ತಳ್ಳಿ ನೋಡಿದರೆ ಒಳಗೆ ಅವನೇ ಕೂತಿರುತ್ತಾನೆ.

'ನಾನು ಆ ಸಿನಿಮಾ ನೋಡೇ ಇಲ್ಲ, ಡಾಕ್ಟ್ರೇ,' ಎಂದಳು ಅವಳು.

'ಹಾಗಾದ್ರೆ ಅವರು ಪ್ರತಿ ವರ್ಷ ಯಾರ ಜೊತೆ...' ಎಂದು ಡಾಕ್ಟರು ನಾಲಿಗೆ ಕಚ್ಚಿಕೊಂಡರು. ಅಚ್ಚು ಕಚ್ಚಿಕೊಂಡು ಕೂತಿದ್ದ ರೋಗಿಯ ಕಣ್ಣು ಅಗಲವಾಯಿತು. ಆ ರೋಗಿ ಬೇರೆ ಯಾರೂ ಅಲ್ಲ, ಗೊತ್ತಪ್ಪನ ಕೆಳಗಿನ ಮನೆಯಾಕೆ. ಊರಲ್ಲಿ ಸುದ್ದಿ ಹರಡಲು ಪತ್ರಿಕೆಯವರು ಒದ್ದಾಡುತ್ತಾರೆ. ಈಕೆಗೆ ಮೆಟ್ಟಿಲೊಂದಿದ್ದರೆ ಸಾಕು. ಅವತ್ತು ಬಾಯಲ್ಲಿ ಅಚ್ಚು ಇದ್ದುದರಿಂದ ಸುದ್ದಿ ಅರ್ಧ ಗಂಟೆ ತಡವಾಯಿತು ಅಷ್ಟೆ.

ಸಂಜೆ ಹೆಂಡತಿ ಚೀಲ ಕೆಳಗಿಟ್ಟವಳೇ ಕೇಳಿದಳು. 'ಪ್ರತಿ ವರ್ಷ ಮದುವೆ ದಿನ ಆ ಸಿನಿಮಾ ಯಾರ ಜೊತೆ ನೋಡ್ತೀರಿ?'

ಮದುವೆಯ ದಿನ ಬರುವುದು ಸರಿಯಾಗಿ ಅಂಗಡಿಯ ಸರಕು ಎಣಿಸುವ ಸಮಯಕ್ಕೆ. ಪ್ರತಿ ವರ್ಷವೂ ಅವತ್ತು ಗೊತ್ತಪ್ಪ ಗೋದಾಮಿನಲ್ಲಿ ದಿಂಬು ಲೆಕ್ಕ ಹಾಕಿ ತಡವಾಗಿಯೇ ಬಂದವನು. ಆ ತಡವೂ ಈಗ ಇವಳ ಕಣ್ಣೆದುರಿಗೆ ಬಂದು ನಿಂತಿರಬೇಕು. ಅವನ ಮುಂದೆ ಎರಡು ದಾರಿ ಇದ್ದವು. 'ಮಾರಾಯ್ತಿ, ನಾನು ಆ ಸಿನಿಮಾ ನೋಡಿಲ್ಲ, ಸುಮ್ಮನೆ ಜಂಭ ಕೊಚ್ಚಿದೆ' ಎನ್ನುವುದು ಒಂದು. ಅಷ್ಟು ಹೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳು, ಈ ಕಥೆಯೂ ಇಲ್ಲಿಗೆ ಮುಗಿದು ನಾನೂ ನೀವೂ ನಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಆದರೆ 'ನೋಡಿಲ್ಲ' ಎಂಬ ಮಾತು ಹುಟ್ಟಿದ ದಿನದಿಂದ ಅವನ ಗಂಟಲಿನಿಂದ ಹೊರಗೆ ಬಂದದ್ದೇ ಇಲ್ಲ. ಆದ್ದರಿಂದ ಅವನು ಕಿಟಕಿಯ ಹೊರಗೆ ನೋಡಿ, ನಿಟ್ಟುಸಿರು ಬಿಟ್ಟು, 'ಅದೆಲ್ಲ ಈಗ ಯಾಕೆ?' ಎಂದ.

ನಿಜ ಹೇಳಬೇಕೆಂದರೆ ಆ ನಿಟ್ಟುಸಿರು ಅವನಿಗೆ ಬಹಳ ಹಿಡಿಸಿತು. ಬಚ್ಚಲಿಗೆ ಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡ. ಯಾವಳೋ ಒಬ್ಬಳು ಮರುಳಾಗುವಂಥ ಮುಖವೇ ಇದು ಎನ್ನಿಸಿತು. ಇಂಥ ಬೆಪ್ಪನನ್ನು ನೋಡಿ ಕನ್ನಡಿ ಒಡೆಯಲಿಲ್ಲವಲ್ಲ, ಅದು ಆಶ್ಚರ್ಯ.

ಎರಡು ದಿನದಲ್ಲಿ ಅತ್ತೆ ಬಂದಿಳಿದರು. ಜೊತೆಗೆ ಹೆಂಡತಿಯ ಅಣ್ಣ, ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಇನ್‌ಸ್ಪೆಕ್ಟರು. ಇಡೀ ಆಯುಷ್ಯ ಟಿಕೆಟ್ ಇಲ್ಲದವರನ್ನು ಹಿಡಿದು ಹಿಡಿದು ಆತನಿಗೆ ಯಾರ ಮುಖ ಕಂಡರೂ ಅನುಮಾನ. ಗೊತ್ತಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಬಸ್ಸಿನ ಕಂಬ ಹಿಡಿದವನಂತೆ ಬಾಗಿಲ ಚೌಕಟ್ಟು ಹಿಡಿದು ನಿಂತ. ಆಕೆ ಎಲ್ಲಿ ಹತ್ತಿದಳು, ಎಲ್ಲಿಯ ತನಕ ಎಂದು ಶುರುಮಾಡಿದ.

ಗೊತ್ತಪ್ಪ ಈಗಲೂ ಬಾಯಿ ಬಿಡಬಹುದಿತ್ತು. ಬಿಟ್ಟ ಕೂಡ, ಆದರೆ ಬೇರೆ ರೀತಿಯಲ್ಲಿ. ಆ ಸಂಬಂಧ ನೀವು ತಿಳಿದ ಹಾಗಲ್ಲ, ಅದು ಕಲೆಯ ಸಂಬಂಧ, ಎಲ್ಲರಿಗೂ ಅರ್ಥವಾಗುವಂಥದ್ದಲ್ಲ ಎಂದ. ಆಕೆಗೆ ಸಿನಿಮಾದ ವಿಷಯದಲ್ಲಿ ಬಹಳ ತಿಳಿವಳಿಕೆ ಎಂದ. ಇಲ್ಲದ ಹೆಂಗಸಿಗೆ ಹೀಗೆ ಮೊದಲು ತಿಳಿವಳಿಕೆ ಬಂತು. ಕೈಕಾಲು ಬರಲು ತಡವಾಗಲಿಲ್ಲ. ಕೆಳಗಿನ ಮನೆಯಾಕೆ ಸಕ್ಕರೆ ಕೇಳುವ ನೆಪದಲ್ಲಿ ಹತ್ತಿ ಬಂದು, ಅವಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ಎತ್ತರದ ಆಳು, ಕೈಯಲ್ಲಿ ಬಣ್ಣದ ಕೊಡೆ, ಅಂಗಡಿಯ ಎದುರು ನಿಂತಿದ್ದಳು ಎಂದು ಎದೆ ಮುಟ್ಟಿಕೊಂಡು ಹೇಳಿದಳು. ಮೂಲೆಯ ಇಸ್ತ್ರಿಯವನು ಅವಳ ಸೀರೆಯನ್ನು ತಾನೇ ಇಸ್ತ್ರಿ ಮಾಡಿದ್ದೇನೆ ಎಂದ. ಅತ್ತೆಗೆ ಅವಳು ಯಾವ ಮನೆತನದವಳು, ಓದಿದವಳೇ ಎಂಬ ಚಿಂತೆ. ಓದಿದವಳೆಂದು ಕೇಳಿ, ಅಷ್ಟು ಓದಿದವಳಿಗೆ ಇವನೇ ಬೇಕಾಯಿತೇ ಎಂದು ಅವಳ ಬಗ್ಗೆಯೇ ಅಯ್ಯೋ ಅಂದುಕೊಂಡರು. ಇಡೀ ಬೀದಿ ಸೇರಿ ಒಬ್ಬಳನ್ನು ಸೃಷ್ಟಿ ಮಾಡಿತು. ಅವಳಿಗೊಂದು ಬಾಡಿಗೆ ಮನೆ ಹುಡುಕಿಕೊಡುವುದಷ್ಟೇ ಬಾಕಿ ಇತ್ತು.

ಗೊತ್ತಪ್ಪನೋ, ಯಾವುದನ್ನೂ ಅಲ್ಲಗಳೆಯಲಿಲ್ಲ. ಕೊಡೆಯ ಮಾತು ಬಂದಾಗ ಕಣ್ಣು ಮುಚ್ಚಿ ಮುಗುಳ್ನಕ್ಕ. ಅಂಗಡಿಯಲ್ಲಿ ಅವನ ಬೆಲೆ ಏರಿತು. ನೀರಿನ ಲೋಟ ಇಡುವಾಗ ಗಿರಾಕಿಗಳ ಹೆಂಡತಿಯರು ಅವನನ್ನು ಕದ್ದು ನೋಡುತ್ತಿದ್ದಾರೆಂದು ಅವನಿಗೆ ಅನ್ನಿಸತೊಡಗಿತು. ಅವರು ನೋಡುತ್ತಿದ್ದದ್ದು ಲೋಟವನ್ನು, ತಮ್ಮ ಸೀರೆ ಒದ್ದೆಯಾದೀತೆಂದು.

ಶನಿವಾರ ಸಂಜೆ ಅತ್ತೆ ಮತ್ತು ಭಾವ ಮಾರ್ಕೆಟ್ಟಿಗೆ ಹೋಗಿದ್ದಾಗ ಹೆಂಡತಿ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದಳು. ಇವನು ನಾಳೆಯ ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವಳು ಬಟ್ಟೆಯಿಂದ ತಲೆ ಎತ್ತದೆ ಹೇಳಿದಳು.

'ಅಂಥ ಹೆಂಗಸು ಯಾರೂ ಇಲ್ಲ ಅಂತ ನಂಗೆ ಮೊದಲ ದಿನಾನೇ ಗೊತ್ತು. ನಿಮ್ಮ ಮಾತನ್ನ ಅಷ್ಟು ಹೊತ್ತು ಕೂತು ಕೇಳೋ ಇನ್ನೊಬ್ಬಳು ಎಲ್ಲಿ ಸಿಗ್ತಾಳೆ?'

ಗೊತ್ತಪ್ಪನಿಗೆ ಯಾಕೋ ಅವಮಾನವಾಯಿತು.

'ಇಲ್ಲದ ಹೆಂಗಸನ್ನ ಇದಾಳೆ ಅಂತ ಒಪ್ಕೊಂಡ್ರಿ. ನಮ್ಮಮ್ಮ ಅತ್ತರು, ನಮ್ಮಣ್ಣ ಕಾಲರ್ ಹಿಡಿಯೋಕೆ ಬಂದ, ನಾನು ಕ್ಲಿನಿಕ್ಕಲ್ಲಿ ತಲೆ ತಗ್ಗಿಸಿ ಓಡಾಡಿದೆ. ಅದೆಲ್ಲ ಆಗ್ಲಿ ಅಂದ್ರಿ. ನೋಡದೆ ಇರೋ ಒಂದು ಸಿನಿಮಾನ ನೋಡಿಲ್ಲ ಅನ್ನೋಕೆ ಆಗ್ಲಿಲ್ಲ ನಿಮಗೆ.'

ಅವಳು ಅಷ್ಟು ಉದ್ದ ಮಾತಾಡಿದ್ದು ಮದುವೆಯಾದ ಮೇಲೆ ಅದೇ ಮೊದಲಿರಬೇಕು. ಗೊತ್ತಪ್ಪ ಗೊತ್ತು ಎನ್ನಲು ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು. ನಾಳೆ ನಾನೂ ಬರುತ್ತೇನೆ, ನಿಮ್ಮ ಪಕ್ಕದಲ್ಲೇ ಕೂರುತ್ತೇನೆ, ಎಲ್ಲರ ಎದುರಿಗೆ 'ನಾನು ಈ ಸಿನಿಮಾ ನೋಡಿಲ್ಲ' ಎಂದು ಒಂದು ಮಾತು ಹೇಳಿಬಿಡಿ, ಅಷ್ಟು ಹೇಳಿದರೆ ನಾನು ಇನ್ನೇನೂ ಕೇಳುವುದಿಲ್ಲ, ಹೇಳದಿದ್ದರೆ ನಾನು ಈ ಮನೆಯಲ್ಲಿ ಇರುವುದಿಲ್ಲ ಎಂದಳು. ಅವಳ ದನಿ ಏರಲಿಲ್ಲ, ಆದರೆ ಕೈಯಲ್ಲಿದ್ದ ಅವನ ಅಂಗಿಯನ್ನು ಅವಳು ಮಡಚಿದ್ದನ್ನೇ ಮತ್ತೆ ಮತ್ತೆ ಮಡಚುತ್ತಿದ್ದಳು.

'ಗೊತ್ತು, ಗೊತ್ತು,' ಎಂದ ಗೊತ್ತಪ್ಪ. 'ಹೇಳ್ತೀನಿ ಬಿಡು.'

ಭಾನುವಾರ ಮಧ್ಯಾಹ್ನ ಗೋದಾಮಿನ ಕಿಟಕಿಗಳಿಗೆಲ್ಲ ದಪ್ಪ ರಜಾಯಿ ಇಳಿಬಿಟ್ಟು ಕತ್ತಲು ಮಾಡಿದ್ದರು. ಬಳಗದವರು ಚರಚರ ಎನ್ನುತ್ತಾ ತಮ್ಮ ತಮ್ಮ ಜಾಗ ಹಿಡಿದರು. ಅತ್ತೆ, ಭಾವ, ಕೆಳಗಿನ ಮನೆಯಾಕೆ ಮೂವರೂ ಬಂದಿದ್ದರು. ಸಿನಿಮಾ ನೋಡಲಿಕ್ಕಲ್ಲ, ಆ ಕೊಡೆಯವಳು ಇವತ್ತು ಬಂದೇ ಬರುತ್ತಾಳೆ, ಹಿಡಿಯಬೇಕು ಎಂದು. ಡಾಕ್ಟರ ಹೆಂಡತಿ ಎತ್ತರವಾಗಿದ್ದರು, ಹೊರಗೆ ಬಿಸಿಲಿತ್ತಾದ್ದರಿಂದ ಕೊಡೆ ತಂದಿದ್ದರು. ಕೆಳಗಿನ ಮನೆಯಾಕೆ ಅತ್ತೆಯ ಪಕ್ಕೆ ತಿವಿದಳು. ಭಾವ ನೆಟ್ಟಗೆ ಹೋಗಿ ಅಭ್ಯಾಸಬಲದಿಂದ ಟಿಕೆಟ್ ತೋರಿಸಿ ಎಂದ. ಇಲ್ಲಿ ಟಿಕೆಟ್ ಇಲ್ಲವಲ್ಲ ಎಂದರು ಆಕೆ. ನನಗೆ ಮೊದಲೇ ಅನಿಸಿತ್ತು ಎಂದು ಭಾವ ಆಕೆಯ ಹಿಂದಿನ ಹಾಸಿಗೆಯಲ್ಲೇ ಕಾವಲು ಕೂತ.

ಎಲ್ಲರಿಗಿಂತ ಮುಂದೆ, ನಟ್ಟನಡುವೆ, ಪ್ಲಾಸ್ಟಿಕ್ ತೆಗೆದ ಒಂದೇ ಒಂದು ಹಾಸಿಗೆ. ಅಂಗಡಿಯ ಅತಿ ದುಬಾರಿ ಮಾಲು. ಅದು ಆದರ್ಶ ದಂಪತಿಗಳಿಗೆಂದು ಮೀಸಲು. ಹೆಂಡತಿ ಅದರ ಒಂದು ಬದಿಯಲ್ಲಿ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಳು. ಮಾಲೀಕರು ಗದ್ಗದರಾಗಿ ಗೊತ್ತಪ್ಪನನ್ನು ಪರಿಚಯಿಸಿ ಕುಡಿಯಲು ಲೋಟದಲ್ಲಿ ನೀರು ಕೊಟ್ಟರು.

ಗೊತ್ತಪ್ಪ ಎದ್ದು ನಿಂತ. ಹೆಂಡತಿಯ ಮುಖ ನೋಡಿದ. ಅವಳು ಇವನನ್ನೇ ನೋಡುತ್ತಿದ್ದಳು. ಈಗ ಹೇಳಿಬಿಡಬೇಕು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು. ಅಷ್ಟರಲ್ಲಿ ಅವನ ಕಣ್ಣು ಬಾಗಿಲ ಬಳಿ ಕೂತಿದ್ದ ದಿಂಬಿನವನ ಮೇಲೆ ಬಿತ್ತು. ದಿಂಬಿನವನು ಪೆನ್ನು ಹಿಡಿದು ಬರೆದುಕೊಳ್ಳಲು ತಯಾರಾಗಿದ್ದ. ಅಲ್ಲಿಗೆ ಹೆಂಡತಿಗೆ ಕೊಟ್ಟ ಮಾತು ಮುಗಿಯಿತು.

ಆದರೆ ನೋಡದ ಸಿನಿಮಾದ ಬಗ್ಗೆ ಏನು ಹೇಳುವುದು? ಗೊತ್ತಪ್ಪನ ತಲೆಯಲ್ಲಿ ಇದ್ದದ್ದು ಒಂದೇ ಭಾಷಣ. ದಿನಕ್ಕೆ ಎಷ್ಟೋ ಸಲ ಮಾಡುವಂಥದ್ದು. ಅದನ್ನೇ ಹೊರಗೆ ತೆಗೆದ.

'ಗಂಡ ಹೆಂಡತಿ ಅಂದಮೇಲೆ ಒಂದೇ ಹಾಸಿಗೆ,' ಎಂದ. 'ಆದ್ರೆ ಒಬ್ಬರು ಎದ್ದು ಹೋದ್ರೆ ಇನ್ನೊಬ್ಬರಿಗೆ ತಿಳೀಬಾರದು. ಅಲುಗಾಟವೇ ಇರಬಾರದು. ಈ ಸಿನಿಮಾ ಅಂದ್ರೆ ಇಷ್ಟೇ.'

ಒಂದು ಪ್ಲಾಸ್ಟಿಕ್ಕೂ ಸದ್ದು ಮಾಡಲಿಲ್ಲ. ಇಡೀ ಸಿನಿಮಾದ ತಿರುಳನ್ನು ಈ ಮನುಷ್ಯ ಅಂಗೈಯಲ್ಲಿಟ್ಟು ತೋರಿಸಿದನಲ್ಲ ಎಂದು ಡಾಕ್ಟರು ತಲೆದೂಗಿದರು. ಮಾಲೀಕರು ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡರು. ಬಳಗದವರು ಇಷ್ಟು ವರ್ಷ ಕಲೆ ಕಲೆ ಎಂದು ಬಡಿದುಕೊಂಡು ಹಾಸಿಗೆ ಮಾರುವ ಮಾತಿಗೂ ಅದಕ್ಕೂ ವ್ಯತ್ಯಾಸ ಕಂಡುಹಿಡಿಯದೆ ಉಳಿದದ್ದು ಅವತ್ತು ಸಾಬೀತಾಯಿತು. ಹುಮ್ಮಸ್ಸು ಏರಿದ ಗೊತ್ತಪ್ಪ, ವರ್ಷ ವರ್ಷವೂ ಕೈ ಕೈ ಹಿಡಿದು ನೋಡುವ ಸಂಗತಿಯನ್ನು ಮತ್ತೊಮ್ಮೆ ಉಪ್ಪುಖಾರ ಹಚ್ಚಿ ಹೇಳಿ, ಚಪ್ಪಾಳೆಯ ನಡುವೆ ಬಂದು ಹಾಸಿಗೆಯ ತನ್ನ ಬದಿಯಲ್ಲಿ ಕೂತು, ಕೈಯಲ್ಲಿದ್ದ ತುಂಬಿದ ಲೋಟವನ್ನು ಅಭ್ಯಾಸದಂತೆ ಇಬ್ಬರ ನಡುವೆ ಇಟ್ಟ. ದೀಪ ಆರಿತು.

ಕತ್ತಲಾದ ಕೂಡಲೇ ಅವನು ಪರದೆಯಿಂದ ಕಣ್ಣು ಕೀಳದೆ ಹೆಂಡತಿಗೆ ಪಿಸುಗುಟ್ಟತೊಡಗಿದ. ಈಗ ನೋಡು, ಅವಳು ಎದ್ದಳು, ಚೀಲ ತಗೊಂಡಳು, ಅಂಗಡಿಗೆ ಹೋಗ್ತಿದಾಳೆ, ತರಕಾರಿ ತರೋಕೆ, ನಂಗೊತ್ತು. ಸ್ವಲ್ಪ ಹೊತ್ತಿನ ಮೇಲೆ, ಬರ್ತಾಳೆ ಇರು, ಎಂದ. ಇನ್ನೂ ಸ್ವಲ್ಪ ಹೊತ್ತಾಯಿತು. ಪ್ರೇಮಕಥೆ ಶುರುವಾಗುವ ಲಕ್ಷಣ ಕಾಣಲಿಲ್ಲ. ಪರದೆಯ ಮೇಲಿನ ಗಂಡ ಮುಚ್ಚಿದ ಬಾಗಿಲಿಗೆ ಮಾತಾಡುತ್ತಾ ಇದ್ದ. ಇವನು ಪಕ್ಕಕ್ಕೆ ಮಾತಾಡುತ್ತಾ ಇದ್ದ. ನಿನ್ನೆ ಒಪ್ಕೊಂಡ ಹಾಗೆ ಹೇಳ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡ, ದಿಂಬಿನವನು ಕೂತಿದ್ದ, ಬ್ರಾಂಚು ಕೈಗೆ ಸಿಗ್ಲಿ, ಆಮೇಲೆ ಹೇಳ್ತೀನಿ ಎಂದ. ಅವಳು ಎದುರಾಡಲಿಲ್ಲ. ಒಪ್ಪಿದಳು ಎಂದುಕೊಂಡ. ಆಮೇಲೆ ಪರದೆಯ ಮೇಲೆ ಒಳಕೋಣೆಯಿಂದ 'ಹೂಂ' ಎಂದು ಏನೋ ಉತ್ತರ ಕೊಟ್ಟಿತು. ಯಾವ ಸಿನಿಮಾದಲ್ಲೂ ನಿದ್ದೆ ಹೋಗದೆ ಕೊನೆಯ ತನಕ ಕೂತವನಲ್ಲ ಗೊತ್ತಪ್ಪ. ಅವತ್ತು ಕಣ್ಣು ಪಿಳುಕಿಸದೆ ಕೂತ. ಬಾಗಿಲು ತೆರೆದು ಒಳಗಿರುವವನ ಮುಖ ಕಂಡಾಗ ಹೆಂಡತಿಯ ಕೈ ಹಿಡಿಯಲು ತಡಕಾಡಿದ. ಕೈಗೆ ಸಿಕ್ಕಿದ್ದು ಲೋಟ.

ದೀಪ ಹತ್ತಿತು. ಪಕ್ಕದ ಜಾಗ ಖಾಲಿ. ಲೋಟದಲ್ಲಿ ನೀರು ಬಾಯಿ ತನಕ ಹಾಗೇ ಇತ್ತು, ಒಂದು ಹನಿ ಚೆಲ್ಲಿರಲಿಲ್ಲ.

ಅವಳು ಯಾವಾಗ ಎದ್ದಳು ಎಂದು ಇವನೊಬ್ಬನನ್ನು ಬಿಟ್ಟು ಗೋದಾಮಿಗೆಲ್ಲ ಗೊತ್ತಿತ್ತು. ಪರದೆಯ ಮೇಲಿನ ಹೆಂಡತಿ ಎದ್ದಾಗಲೇ ಇವಳೂ ಎದ್ದು, ಚೀಲ ಹೆಗಲಿಗೇರಿಸಿ, ಹಾಸಿಗೆಗಳ ನಡುವೆ ಹಾಯ್ದು, ಅಮ್ಮನನ್ನೂ ಅಣ್ಣನನ್ನೂ ಎಬ್ಬಿಸಿಕೊಂಡು ಹೊರಟುಹೋಗಿದ್ದಳು. ಖಾಲಿ ಜಾಗಕ್ಕೆ ಬಾಗಿ ಬಾಗಿ ಪಿಸುಗುಡುವ ಗೊತ್ತಪ್ಪನನ್ನು ಬಳಗದವರು ಸಿನಿಮಾ ಮುಗಿಯುವ ತನಕ ಹಿಂದಿನಿಂದ ನೋಡಿದ್ದರು. ಇದೆಲ್ಲ ಮೊದಲೇ ಗೊತ್ತುಮಾಡಿಕೊಂಡ ಪ್ರಯೋಗ ಎಂದೇ ಅವರು ತಿಳಿದದ್ದು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದಂಪತಿಗಳೆಂದರೆ ಇವರು, ಸಿನಿಮಾವನ್ನು ಬಾಳಿ ತೋರಿಸಿಬಿಟ್ಟರು ಎಂದರು ಮಾಲೀಕರು. ಡಾಕ್ಟರು ಮಾತ್ರ ಚಪ್ಪಾಳೆ ಅರ್ಧಕ್ಕೆ ನಿಲ್ಲಿಸಿ ಬಾಗಿಲ ಕಡೆ ನೋಡಿದರು. ಗೊತ್ತಪ್ಪ ಬಾಗಿ ನಮಸ್ಕಾರ ಮಾಡಿದ, ಏನಾಗಿದೆ ಎಂದು ತಿಳಿಯದೆ.

ಬೀದಿಯಲ್ಲಿ ನಿಂತಿದ್ದ ವ್ಯಾನನ್ನು ಗಮನಿಸದೆ ಗೊತ್ತಪ್ಪ ಮನೆಗೆ ಹತ್ತಿ ಬಂದರೆ ಬಾಗಿಲಿಗೆ ಚಿಲಕವಿಲ್ಲ, ಬರೀ ಮುಂದೆ ಮಾಡಿತ್ತು. ಒಳಕೋಣೆಯ ಬಾಗಿಲು ಹಾಕಿತ್ತು, ಒಳಗೆ ಏನೋ ಸರಸರ ಸದ್ದು. ಬಂದಿದ್ದಾಳೆ ಎಂದು ಗೊತ್ತಪ್ಪ ನಿರಾಳವಾದ. ಚಪ್ಪಲಿ ಬಿಡುತ್ತಲೇ ಬಾಗಿಲಿಗೆ ಮುಖ ಮಾಡಿ ಶುರುಮಾಡಿದ. ಸಭೆ ನಡುವೆ ಎದ್ದು ಬರುವುದು ಚೆನ್ನಾಗಿರುವುದಿಲ್ಲ ಎಂದ. ಆದರೂ ಹೋಗಲಿ, ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ ಎಂದ. ನಿನಗೆ ಇವೆಲ್ಲ ಅರ್ಥವಾಗುವುದಿಲ್ಲ, ನನಗೆ ಗೊತ್ತು ಎಂದ.

'ಹೂಂ,' ಎಂದಿತು ಒಳಗಿನಿಂದ.

ಅದು ಅವಳ ದನಿಯಲ್ಲ. ಈಗಷ್ಟೇ ನೋಡಿ ಬಂದದ್ದು ಗೊತ್ತಪ್ಪನ ಕಣ್ಣ ಮುಂದೆ ನಿಂತಿತು. ಬಾಗಿಲು ತೆರೆದರೆ ಒಳಗೆ ತಾನೇ ಕೂತಿದ್ದರೆ? ಇದೇ ಅಂಗಿ ಹಾಕಿಕೊಂಡು, ಇದೇ ಬಾಯಿ ತೆರೆದುಕೊಂಡು? ಆ ಒಬ್ಬನ ಜೊತೆ ಒಂದು ಇಡೀ ಸಂಜೆ ಕಳೆಯಬೇಕಾಗಿ ಬಂದರೆ? ಜನ್ಮದಲ್ಲಿ ಮೊದಲ ಸಲ ಅವನಿಗೆ ಹೆಂಡತಿಯ ಕಷ್ಟ ಏನೆಂದು ಅರ್ಧ ಕ್ಷಣ ಹೊಳೆಯಿತು.

ಬಾಗಿಲು ತೆರೆಯಿತು. ಅತ್ತೆ. ಬಾಯಲ್ಲಿ ಸೇಫ್ಟಿ ಪಿನ್ನು ಕಚ್ಚಿಕೊಂಡು, ಕಂಕುಳಲ್ಲಿ ಮಗಳ ಬಟ್ಟೆಯ ಗಂಟು ಹಿಡಿದು ನಿಂತಿದ್ದರು. ಪಿನ್ನು ತೆಗೆದು ಗಂಟಿಗೆ ಚುಚ್ಚಿದರು.

'ಅವಳು ಕೆಳಗೆ ವ್ಯಾನಲ್ಲಿ ಕೂತಿದಾಳೆ, ಅಣ್ಣನ ಜೊತೆ,' ಎಂದರು. 'ನಿಮ್ಮ ಕಲೆ ಗಿಲೆ ನಂಗೆ ತಿಳಿಯಲ್ಲಪ್ಪ. ಒಂದೇ ಮಾತು ಕೇಳ್ಕೊಂಡು ಬಾ ಅಂದಿದಾಳೆ. ಆ ಸಿನಿಮಾ ನೀನು ನೋಡಿದೀಯೋ, ಇಲ್ವೋ? ಇಲ್ಲ ಅಂದ್ರೆ ಗಂಟು ಇಲ್ಲೇ ಬಿಟ್ಟು, ಅವಳನ್ನ ಮೇಲಕ್ಕೆ ಕಳಿಸ್ತೀನಿ.'

ಗೊತ್ತಪ್ಪ ಇಲ್ಲ ಎಂದು ಹೇಳಲು ಬಾಯಿ ತೆರೆದ. ತೆರೆದದ್ದೂ ನಿಜ, ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದದ್ದೂ ನಿಜ. ಅವನ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಇದೊಂದೇ, ಅದನ್ನು ಹೇಳದೆ ಬಿಡಬಾರದು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮಾಲೀಕರು ಮಫ್ಲರು ಹಾರಿಸುತ್ತಾ ಬಂದು ಹೊಸ್ತಿಲಲ್ಲಿ ನಿಂತರು. ಅವರ ಬೆರಳಿನಲ್ಲಿ ಹೊಸ ಬ್ರಾಂಚಿನ ಬೀಗದ ಕೈ ತೂಗುತ್ತಿತ್ತು. ಅವರ ಬೆನ್ನಿಗೆ ಕೆಳಗಿನ ಮನೆಯಾಕೆ.

ಅತ್ತೆ ಮತ್ತೆ ಕೇಳಿದರು. 'ನೋಡಿದೀಯಾ?'

ಆಗ ಗೊತ್ತಪ್ಪನಿಗೆ ಒಂದು ಹೊಳೆಯಿತು. ಅವನು ಈಗ ನೋಡಿದ್ದ. ಒಂದು ಗಂಟೆಯ ಹಿಂದೆ, ಕಣ್ಣು ಪಿಳುಕಿಸದೆ, ಮೊದಲಿನಿಂದ ಕೊನೆಯ ತನಕ. ಸುಳ್ಳು ಹೇಳುವ ಅಗತ್ಯವೇ ಇಲ್ಲ. ಎದೆಯ ಮೇಲಿನ ಭಾರ ಇಳಿದು ಅವನ ಮುಖ ಅರಳಿತು.

'ನೋಡಿದೀನಿ,' ಎಂದ.

ಈ ಇಡೀ ಪ್ರಕರಣದಲ್ಲಿ ಅವನು ಆಡಿದ ಸತ್ಯವಾದ ಮಾತು ಅದೊಂದೇ. ಅತ್ತೆ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ, ಮಾಲೀಕರನ್ನು ಸರಿಸಿ, ಮೆಟ್ಟಿಲು ಇಳಿದು ಹೋದರು. ಮಾಲೀಕರು ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಕೆಳಗೆ ವ್ಯಾನಿನ ಬಾಗಿಲು ಹಾಕಿದ ಸದ್ದು ಕೇಳಿತು. ಮನೆಯವರು ಎಲ್ಲಿಗೆ ಹೊರಟರು ಎಂದು ಮಾಲೀಕರು ವಿಚಾರಿಸಿದ್ದಕ್ಕೆ ಗೊತ್ತಪ್ಪ, ಗೊತ್ತು, ಗೊತ್ತು ಎಂದು ತಲೆಯಾಡಿಸಿದ.

ಈಗ ಅವನು ಗಾಜಿನ ಕೋಣೆಯಲ್ಲಿ, ತಿರುಗುವ ಕುರ್ಚಿಯಲ್ಲಿ ಕೂರುತ್ತಾನೆ. ಮನೆಯಲ್ಲಿ ಹಾಸಿಗೆಯ ತನ್ನ ಅರ್ಧದಲ್ಲೇ ಮಲಗುತ್ತಾನೆ, ಇನ್ನರ್ಧದ ಚಾದರ ಮಡಿಕೆ ಬಿಚ್ಚಿಲ್ಲ. ಗಿರಾಕಿಗಳಿಗೆ ಲೋಟ ಇಟ್ಟು ತೋರಿಸುವ ಕೆಲಸ ಬೇರೆಯವರದು. ಆದರೂ ಯಾರ ಮಾತಿಗೂ ಜಗ್ಗದ ಗಂಡ ಹೆಂಡತಿ ಬಂದರೆ ಅವನನ್ನೇ ಕರೆಯುತ್ತಾರೆ. ಮೊನ್ನೆ ಒಬ್ಬಾಕೆ, ಒಬ್ಬರು ಎದ್ದು ಹೋದರೆ ಇನ್ನೊಬ್ಬರಿಗೆ ನಿಜವಾಗಲೂ ಗೊತ್ತಾಗುವುದಿಲ್ಲವೇ ಎಂದು ಅನುಮಾನದಿಂದ ಕೇಳಿದಳು. ಗೊತ್ತಪ್ಪ ಆ ಹಾಸಿಗೆಯ ಮೇಲೆ ಅಂಗೈ ಊರಿ ಒತ್ತಿ ನೋಡಿದ.

'ಇಲ್ಲಮ್ಮ,' ಎಂದ. 'ಗೊತ್ತಾಗಲ್ಲ.'